ಕಿಟಕಿಯಾಚೆ ಏನೂ ಇಲ್ಲದ ರೈಲು

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಒಂದು ಸಾರಿಗೆ ಮ್ಯೂಸಿಯಂ ಇದೆ, ಅದರಲ್ಲಿ ಒಂದು ಹಳೇ ರೈಲು ಬೋಗಿ ಇಟ್ಟಿದಾರೆ. ಅದರೊಳಗೆ ನೋಡಿದ್ರೆ ನಮ್ಮಜ್ಜನ ಮನೆ ಕಣಜ ನೆನಪಾಗುತ್ತೆ. ಉದ್ದಕ್ಕೆ ಎದುರು ಬದುರು ಬೆಂಚು, ಬೆನ್ನಿಗೆ ತಲೆ ಮಟ್ಟಕ್ಕೂ ಮೇಲೆ ಬರೋ ಹಂಗೆ ಮೆತ್ತೆ, ಕಿಟಕಿ ಎಲ್ಲಿ ಅಂತ ಹುಡುಕಿದ್ರೆ ಸೂರಿನ ಹತ್ರ ಸಣ್ಣ ಗಾಜಿನ ಪಟ್ಟಿ, ಅಷ್ಟೇ. 1890ರಲ್ಲಿ ಶುರುವಾದ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆದು ಅದು, ಆಳವಾದ ಸುರಂಗದಲ್ಲಿ ಕರೆಂಟಿನ ರೈಲು ಓಡಿಸಿದ್ದು ಜಗತ್ತಲ್ಲಿ ಅವರೇ ಮೊದಲು. ಅವರ ಲೆಕ್ಕ ಏನಪ್ಪಾ ಅಂದ್ರೆ, ಸುರಂಗದಲ್ಲಿ ನೋಡೋಕೆ ಏನಿದೆ? ಏನೂ ಇಲ್ಲ. ಮತ್ತೆ ಕಿಟಕಿ ಯಾಕೆ ದಂಡಕ್ಕೆ?

ಲೆಕ್ಕ ಸರಿಯಾಗೇ ಇದೆ ಅಲ್ವಾ. ಆದ್ರೆ ಜನ ಒಪ್ಪಲಿಲ್ಲ. ಆ ಬೋಗಿಗೆ ಹುಚ್ಚಾಸ್ಪತ್ರೆಯ ಮೆತ್ತೆ ಕೋಣೆ ಅಂತ ಅಡ್ಡಹೆಸರಿಟ್ರು, ಆ ಕಾಲದಲ್ಲಿ ರೋಗಿಗಳು ಗೋಡೆಗೆ ತಲೆ ಚಚ್ಕೋಬಾರ್ದು ಅಂತ ಸುತ್ತಲೂ ಮೆತ್ತೆ ಹೊಡೆದಿರೋ ಕೋಣೆ ಇರ್ತಿತ್ತಲ್ಲ, ಅದು. ಆಮೇಲೆ ಬಂದ ಬೋಗಿಗಳಿಗೆ ಸರಿಯಾದ ಕಿಟಕಿ ಇಟ್ರು. ನೋಡೋಕೆ ಇದ್ದಿದ್ದು ಮಾತ್ರ ಅದೇ ಕಪ್ಪು ಗೋಡೆ!

ಇನ್ನೊಂದು ವಿಷಯ. ಕಿಟಕಿ ಇಲ್ಲ ಅಂದ್ಮೇಲೆ ಯಾವ ಸ್ಟೇಷನ್ ಬಂತು ಅಂತ ಒಳಗೆ ಕೂತೋರಿಗೆ ಗೊತ್ತಾಗೋದು ಹೆಂಗೆ? ಅದಕ್ಕೆ ಬೋಗಿ ಕೊನೇಲಿ ಗೇಟು ತೆಗೆದು ಹಾಕೋಕೆ ಇದ್ದ ಆಳೇ ಸ್ಟೇಷನ್ ಹೆಸರು ಕೂಗ್ತಿದ್ದ. ಈ ಕೂಗೋ ಮನುಷ್ಯನ್ನ ಸ್ವಲ್ಪ ತಲೇಲಿ ಇಟ್ಕೊಂಡಿರಿ, ಕೊನೆಗೆ ಅವನ ಹತ್ರಾನೇ ಹೋಗ್ತೀವಿ.

ನಾನು ಲಂಡನ್ನಲ್ಲಿ ಒಂಬತ್ತು ವರ್ಷ ಇದ್ದೆ, ಸಾಫ್ಟ್‌ವೇರ್ ಕೆಲಸ, ದಿನಾ ಹೋಗೋಕೊಂದು ಬರೋಕೊಂದು ರೈಲು. ಊರಿಂದ ಹೋಗೋವಾಗ ರೈಲು ಅಂದ್ರೆ ನನ್ನ ತಲೇಲಿ ಇದ್ದಿದ್ದು ಅರಸೀಕೆರೆ ಕಡೆ ರೈಲು, ಕಿಟಕಿ ಸೀಟಿಗೆ ಅಣ್ಣತಮ್ಮಂದಿರ ಜಗಳ, ತೆಂಗಿನ ತೋಟ, ಲೆವೆಲ್ ಕ್ರಾಸಿಂಗಲ್ಲಿ ಕಾಯೋ ಎತ್ತಿನಗಾಡಿ. ಟ್ಯೂಬಲ್ಲಿ, ಲಂಡನ್ನಿನ ನೆಲದಡಿ ರೈಲಿಗೆ ಅಲ್ಲಿ ಜನ ಹಂಗೇ ಕರೆಯೋದು ಟ್ಯೂಬ್ ಅಂತ, ಮೊದಲ್ನೇ ದಿನ ಎದುರಿನ ಕಿಟಕಿ ನೋಡಿದ್ರೆ ಕಂಡಿದ್ದು ನನ್ನದೇ ಮುಖ, ಅದೂ ಗಾಜು ಬಾಗಿರೋದ್ರಿಂದ ಹಣೆ ಎರಡಾಗಿ. ಅವತ್ತಿಂದ ನನಗೆ ಒಂದು ಹುಚ್ಚು, ಕಣ್ಣಿಗೆ ಏನೂ ಕೆಲಸ ಇಲ್ದಿದ್ರೆ ಜನ ಹೆಂಗೆ ಪ್ರಯಾಣ ಮಾಡ್ತಾರೆ ಅಂತ ಗಮನಿಸೋದು. ಮೂಗಲ್ಲಿ, ಚರ್ಮದಲ್ಲಿ, ಕಿವೀಲಿ ಮಾಡ್ತಾರೆ. ಇವತ್ತು ಹೇಳೋದು ಅಷ್ಟೇ.

ಹಂಗಂತ ಇಡೀ ಟ್ಯೂಬ್ ನೆಲದಡಿ ಇದೆ ಅನ್ಕೋಬೇಡಿ. 11 ಲೈನು, 272 ಸ್ಟೇಷನ್, ಸುಮಾರು 400 ಕಿಲೋಮೀಟರ್ ದಾರಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಲ್ಲೇ ಓಡೋದು. ಹೆಸರು ಅಂಡರ್‌ಗ್ರೌಂಡ್! ಆದ್ರೆ ಊರ ಮಧ್ಯ ಪೂರ್ತಿ ನೆಲದಡಿ, ಜನ ಕತೆ ಹೇಳೋದೂ ಅದರದ್ದೇ.

ಮೊದಲು ಮೂಗು. ಆ ಕರೆಂಟ್ ರೈಲಿಗೂ ಮುಂಚೆ, 1863ರ ಜನವರಿ 10ಕ್ಕೆ ಮೆಟ್ರೊಪಾಲಿಟನ್ ರೈಲ್ವೆ ಅಂತ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಜನರನ್ನ ಕೂರಿಸ್ಕೊಂಡು ಹೊರಟಿತ್ತು, ಜಗತ್ತಿನ ಮೊದಲ ನೆಲದಡಿ ರೈಲು. ರಸ್ತೆ ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿದ್ದು, ನಮ್ಮೂರ ಒಳಚರಂಡಿ ಕೆಲಸ ಇದ್ದಂಗೆ. ಓಡಿಸಿದ್ದು ಯಾವುದರಲ್ಲಿ ಗೊತ್ತಾ, ಉಗಿಬಂಡಿ! ಸುರಂಗದೊಳಗೆ ಕಲ್ಲಿದ್ದಲ ಹೊಗೆ, ಬೋಗೀಲಿ ಗ್ಯಾಸ್ ದೀಪ. ಮರದ ಒಲೆ ಹಚ್ಚಿ ಅಡುಗೆಮನೆ ಬಾಗಿಲು ಹಾಕ್ಕೊಂಡ್ರೆ ಹೆಂಗಿರುತ್ತೆ, ಹಂಗೆ. ಗೋವರ್ ಸ್ಟ್ರೀಟ್ ಸ್ಟೇಷನ್ ಹತ್ರ ಒಬ್ಬ ಔಷಧಿ ಅಂಗಡಿಯವನು ಹೊಗೆ ಕುಡಿದು ಕೆಮ್ಕೊಂಡು ಬರೋರಿಗೆ ಅಂತಲೇ ಒಂದು ಕಷಾಯ ಮಾಡಿ ಮಾರ್ತಿದ್ದ, ಹೆಸರು 'ಮೆಟ್ರೊಪಾಲಿಟನ್ ಮಿಕ್ಸ್ಚರ್'. ರೈಲ್ವೆಯವರು ಇದಕ್ಕೆ ಏನಂದ್ರು ಅಂದ್ರೆ, ಈ ಗಾಳಿ ಉಬ್ಬಸಕ್ಕೆ ಒಳ್ಳೇದು ಅಂತ ವಾದ ಮಾಡಿದ್ರು. ಅಷ್ಟಾದ್ರೂ ಜನ ಬಂದ್ರು, ಯಾಕಂದ್ರೆ ಮೇಲೆ ರಸ್ತೇಲಿ ಕುದುರೆಗಾಡಿ ಜಾಮು. ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಬೇಗ ಮನೆಗೆ ಹೋಗ್ಬೋದು ಅಂದ್ರೆ ಮನುಷ್ಯ ಏನ್ ಬೇಕಾದ್ರೂ ಕುಡೀತಾನೆ.

ಈಗ ಹೊಗೆ ಇಲ್ಲ, ಶೆಕೆ ಇದೆ. ಲಂಡನ್ ಅಂದ್ರೆ ಚಳಿ ಅಂತ ಉಣ್ಣೆ ಕೋಟು ಹೊಲಿಸ್ಕೊಂಡು ಹೋದೋನು ನಾನು, ಜುಲೈ ತಿಂಗಳಲ್ಲಿ ಸೆಂಟ್ರಲ್ ಲೈನಲ್ಲಿ ಅಂಗಿ ಬೆನ್ನಿಗೆ ಅಂಟ್ಕೊಂಡು ನಿಂತಾಗ ರಾಯಚೂರಿನ ಗೆಳೆಯ ಒಬ್ಬ 'ಲೇ ಇದಕ್ಕಿಂತ ನಮ್ಮೂರೇ ತಂಪೈತಿ' ಅಂದ. ತಮಾಷೆ ಅಂದ್ರೆ ನೂರು ವರ್ಷದ ಹಿಂದೆ ಬೇಸಿಗೇಲಿ ತಂಪಾಗಿರೋಕೆ ಟ್ಯೂಬಿಗೆ ಬನ್ನಿ ಅಂತ ಜಾಹೀರಾತು ಹಾಕ್ತಿದ್ರು, ನಿಜ. ಆಗ ಸುತ್ತಲಿನ ಜೇಡಿಮಣ್ಣಿನ ಉಷ್ಣತೆ ಸುಮಾರು 14 ಡಿಗ್ರಿ. ಆಮೇಲೆ ಏನಾಯ್ತು? ಅಷ್ಟು ರೈಲು ಅಷ್ಟು ವರ್ಷ ಬ್ರೇಕ್ ಹಾಕ್ತಾ ಹಾಕ್ತಾ, ಮೋಟಾರು ಬಿಸಿಯಾಗ್ತಾ ಆಗ್ತಾ ಆ ಕಾವೆಲ್ಲ ಮಣ್ಣು ಹೀರ್ಕೊಂಡು ಕೂತಿತು. ದೋಸೆ ಹುಯ್ದು ಒಲೆ ಆರಿಸಿದ್ಮೇಲೂ ಕಾವಲಿ ಎಷ್ಟೊತ್ತು ಸುಡುತ್ತೆ ನೋಡಿ, ಇಲ್ಲಿ ಒಲೆ ಆರಿಸಿದ್ದೇ ಇಲ್ಲ. ಮತ್ತೆ ಏಸಿ ಹಾಕ್ಬೋದಲ್ಲ ಅಂತೀರಿ. ಅಗೆದು ಮುಚ್ಚಿದ ಹಳೇ ಲೈನುಗಳಲ್ಲಿ ಸುರಂಗ ಅಗಲ, ಅಲ್ಲಿ 2010ರಿಂದ ಏಸಿ ರೈಲು ಬಂದಿವೆ. ಆಳದಲ್ಲಿ ಕೊರೆದ ಟ್ಯೂಬಲ್ಲಿ ಬೋಗಿಗೂ ಸುರಂಗಕ್ಕೂ ಮಧ್ಯ ಜಾಗಾನೇ ಇಲ್ಲ, ಏಸಿ ಉಗುಳೋ ಬಿಸಿಗಾಳಿ ಹೋಗೋದಾದ್ರೂ ಎಲ್ಲಿಗೆ.

ಹೊರಗಿಂದ ಬಂದೋರನ್ನ ಮೋಸ ಮಾಡೋ ಇನ್ನೊಂದು ವಸ್ತು ಅಲ್ಲಿದೆ, ಮ್ಯಾಪು. 1931ರಲ್ಲಿ ಹ್ಯಾರಿ ಬೆಕ್ ಅನ್ನೋ ಡ್ರಾಫ್ಟ್ಸ್‌ಮನ್ ಬರೆದಿದ್ದು, ಕರೆಂಟ್ ಸರ್ಕ್ಯೂಟ್ ಚಿತ್ರದ ಥರ ನೇರ ಗೆರೆ, 45 ಡಿಗ್ರಿ ಓರೆ ಗೆರೆ, ಅಷ್ಟರಲ್ಲೇ ಮುಗಿಸಿದ. ನೆಲದ ಮೇಲಿಂದು ಅಂತ ಉಳಿಸಿದ್ದು ಥೇಮ್ಸ್ ನದಿ ಒಂದನ್ನೇ. ಮೊದಲು ಬೇಡ ಅಂದ್ರು, ಇದರಲ್ಲಿ ದೂರಾನೇ ಗೊತ್ತಾಗಲ್ವಲ್ಲ ಅಂತ. 1933ರಲ್ಲಿ ಅಚ್ಚು ಹಾಕಿ ಹಂಚಿದ್ರು, ಜನ ಮುಗಿಬಿದ್ರು. ಬೆಕ್‌ಗೆ ಅರ್ಥ ಆಗಿದ್ದು ಏನಂದ್ರೆ ನೆಲದಡಿ ಇರೋನಿಗೆ ದೂರ ಬೇಕಾಗಿಲ್ಲ, ಎಷ್ಟನೇ ಸ್ಟೇಷನ್ನು, ಎಲ್ಲಿ ಬದಲಾಯಿಸ್ಬೇಕು, ಇಷ್ಟು ಸಾಕು.

ಅಮ್ಮ ಬಂದಿದ್ದಾಗ ಏನಾಯ್ತು ಹೇಳ್ತೀನಿ. ಲೆಸ್ಟರ್ ಸ್ಕ್ವೇರಲ್ಲಿ ಇದ್ವಿ, ನಾನು ಹೇಳಿದ್ನಲ್ಲ ಆ ಮ್ಯೂಸಿಯಂ, ಅದನ್ನ ತೋರಿಸೋಣ ಅಂತ. ಮ್ಯಾಪಲ್ಲಿ ಕೋವೆಂಟ್ ಗಾರ್ಡನ್ ಪಕ್ಕದ್ದೇ ಸ್ಟೇಷನ್ನು, ಎಲ್ಲಾ ಸ್ಟೇಷನ್ನಿನ ಹಾಗೇ ಅದೂ ಒಂದು ಗೇಣು ದೂರ. ಅಮ್ಮಂಗೆ ಮಂಡಿನೋವು, ನಡೆಸೋದು ಬೇಡ ಅಂತ ಕೆಳಗೆ ಇಳಿಸಿ, ಕಾರ್ಡು ತೋರಿಸಿ, ಇನ್ನೊಂದು ಸಲ ಇಳಿಸಿ, ರೈಲು ಹತ್ತಿಸಿದೆ. ಕೂರೋಷ್ಟರಲ್ಲಿ ಇಳಿಯೋ ಜಾಗ ಬಂತು. ಆ ಎರಡು ಸ್ಟೇಷನ್ ಮಧ್ಯ ಇರೋದು ಸುಮಾರು 260 ಮೀಟರ್! ಇಡೀ ಟ್ಯೂಬಲ್ಲೇ ಅತಿ ಹತ್ತಿರದ ಜೋಡಿ ಅದು. ಅಷ್ಟಕ್ಕೇ ಮುಗಿದಿದ್ರೆ ಪರವಾಗಿಲ್ಲ, ಲಿಫ್ಟಿಗೆ ದೊಡ್ಡ ಕ್ಯೂ ಇತ್ತು, ನಾನು ಜಾಣ ಅಲ್ವಾ, ಮೆಟ್ಟಿಲಲ್ಲಿ ಹೋಗೋಣ ಬಾಮ್ಮಾ ಅಂದೆ. ಸುರುಳಿ ಮೆಟ್ಟಿಲು, 193. ಅಲ್ಲಿ ಬೋರ್ಡ್ ಹಾಕಿದಾರೆ, ಓದಿದ್ರೆ ತಾನೆ? ಅರ್ಧದಲ್ಲಿ ಕೂತು ಅಮ್ಮ ಅಂದಿದ್ದು, 'ಚಾಮುಂಡಿ ಬೆಟ್ಟ ಹತ್ತಿದ್ರೆ ಪುಣ್ಯನಾದ್ರೂ ಬರ್ತಿತ್ತು ಕಣೋ.'

ಅಮ್ಮನ ಲಿಸ್ಟಲ್ಲಿ ಮೊದಲಿದ್ದಿದ್ದು ಬಸವಣ್ಣನವರ ಪ್ರತಿಮೆ. ಥೇಮ್ಸ್ ದಂಡೆ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಲ್ಲಿದೆ, 2015ರ ನವೆಂಬರಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಊರಿಂದ ಯಾರೇ ಬಂದ್ರೂ ಅಲ್ಲಿಗೆ ಒಂದು ಟ್ರಿಪ್ ಇದ್ದೇ ಇರ್ತಿತ್ತು, ವಿಕ್ಟೋರಿಯಾ ಲೈನಲ್ಲಿ ವಾಕ್ಸಾಲ್‌ಗೆ ಹೋಗಿ ಇಳಿದು ನದಿ ಪಕ್ಕ ನಡ್ಕೊಂಡು. ಆ ವಾಕ್ಸಾಲ್ ಹೆಸರಿಂದಲೇ ರಷ್ಯನ್ನರ ರೈಲ್ವೆ ಸ್ಟೇಷನ್‌ಗೆ 'ವಕ್ಜಾಲ್' ಅನ್ನೋ ಪದ ಬಂದಿದ್ದು, ಹೆಂಗೆ ಬಂತು ಅನ್ನೋದು ದೊಡ್ಡ ಕತೆ, ಇನ್ನೊಂದು ದಿನ. ಅಮ್ಮ ಮಾತ್ರ ಪ್ರತಿಮೆ ಮುಂದೆ ನಿಂತು ಕೈಮುಗಿದು 'ಇವನಾರವ ಇವನಾರವ' ಅಂತ ಮೆಲ್ಲಗೆ ಹೇಳ್ಕೊಂಡ್ರು. ವಾಪಸ್ ರೈಲಲ್ಲಿ ಸುತ್ತ ಕೂತೋರನ್ನೆಲ್ಲ ಒಂದು ಸಲ ನೋಡಿ ನನ್ನ ಕಿವೀಲಿ, 'ಯಾಕೋ, ಇವರೆಲ್ಲ ಜಗಳ ಆಡ್ಕೊಂಡಿದಾರಾ?'

ಆ ಮೌನ ಇದೆಯಲ್ಲ, ಅದನ್ನ ಅಮ್ಮ ಒಂದೇ ಏಟಿಗೆ ಹಿಡಿದ್ರು. ನಮ್ಮ ರೈಲಲ್ಲಿ ಬೀರೂರು ಬರೋಷ್ಟರಲ್ಲಿ ಎದುರು ಸೀಟಿನವರ ಮಗಳ ಸಂಬಳ, ಅಳಿಯನ ಸ್ವಭಾವ, ಎಲ್ಲ ಗೊತ್ತಾಗಿ ಚಕ್ಕುಲಿ ಡಬ್ಬಿ ತೆಗ್ದಾಗಿರುತ್ತೆ. ಟ್ಯೂಬಲ್ಲಿ ಮಂಡಿಗೆ ಮಂಡಿ ತಾಗ್ಕೊಂಡು ಕೂತಿರ್ತಾರೆ, ಅಪ್ಪಿತಪ್ಪಿ ಕಣ್ಣು ಕೂಡಿದ್ರೆ ಇಬ್ಬರೂ ತಪ್ಪು ಮಾಡ್ದೋರ ಥರ ಆಕಡೆ ಈಕಡೆ. 2016ರಲ್ಲಿ ಯಾರೋ ಒಬ್ಬ ಅಮೆರಿಕದವನು, ಅಲ್ಲೇ ಕೆಲಸಕ್ಕಿದ್ದೋನು, 'ಟ್ಯೂಬ್ ಚಾಟ್?' ಅಂತ ಬ್ಯಾಡ್ಜ್ ಮಾಡಿಸಿ ಹಂಚಿದ, ಮಾತಾಡೋಕೆ ಇಷ್ಟ ಇರೋರು ಹಾಕ್ಕೊಳಿ ಅಂತ. ಲಂಡನ್ನಿನೋರಿಗೆ ಮೈಮೇಲೆ ಹಾವು ಬಿಟ್ಟಂಗಾಯ್ತು! ನಾಲ್ಕೇ ದಿನದಲ್ಲಿ 'ಮಾತಾಡಿಸೋ ಯೋಚನೆನೂ ಬೇಡ' ಅನ್ನೋ ಅರ್ಥದ ಎದುರು ಬ್ಯಾಡ್ಜ್ ಬಂತು.

ಮೊದಮೊದಲು ನನಗೂ ಇದು ದುರಹಂಕಾರ ಅನ್ಸೋದು. ಈಗ ಹಂಗನ್ಸಲ್ಲ. ಅಪರಿಚಿತರ ಕಂಕುಳಲ್ಲಿ ಮುಖ ಇಟ್ಕೊಂಡು ಇಪ್ಪತ್ತು ನಿಮಿಷ ನಿಲ್ಬೇಕು ಅಂದ್ರೆ ಒಬ್ಬರಿಗೊಬ್ಬರು ಕೊಡೋಕೆ ಇರೋ ಜಾಗ ಅದೊಂದೇ, ನೋಡ್ದೇ ಇರೋದು, ಮಾತಾಡಿಸ್ದೇ ಇರೋದು. ನನ್ನ ಹೆಂಡತಿ ಬಸುರಿಯಾಗಿದ್ದಾಗ 'ಬೇಬಿ ಆನ್ ಬೋರ್ಡ್' ಅನ್ನೋ ಬ್ಯಾಡ್ಜ್ ಹಾಕ್ಕೊಳೋಳು, 2005ರಿಂದ ಪುಕ್ಕಟೆ ಕೊಡ್ತಾರೆ ಅದನ್ನ. ಅವಳು ಒಳಗೆ ಬರ್ತಿದ್ದ ಹಾಗೆ ಯಾರೋ ಒಬ್ರು ಎದ್ದು ಆಕಡೆ ಹೋಗಿಬಿಡೋರು, ಕೂತ್ಕೊಳಿ ಅನ್ನೋದೂ ಇಲ್ಲ, ಥ್ಯಾಂಕ್ಸ್ ಕೇಳಿಸ್ಕೊಳೋಕೆ ನಿಲ್ಲೋದೂ ಇಲ್ಲ. ಇವಳಿಗೆ ಅದೇ ಬೇಜಾರು, 'ಎಷ್ಟನೇ ತಿಂಗಳು ಅಂತಾದ್ರೂ ಕೇಳ್ಬಾರ್ದಾ' ಅಂತ. ಎಲ್ಲರೂ ಎದ್ದಿದ್ದೂ ಇಲ್ಲ ಅನ್ನಿ, ಬ್ಯಾಡ್ಜ್ ಕಂಡ ತಕ್ಷಣ ಗಾಢ ನಿದ್ದೆ ಬರೋ ಖಾಯಿಲೆ ಎಲ್ಲಾ ಊರಲ್ಲೂ ಇದೆ.

ಎಸ್ಕಲೇಟರಲ್ಲೂ ಇಂಥದ್ದೇ ಒಂದು ಮೌನದ ಕಾನೂನು. ಬಲಕ್ಕೆ ನಿಲ್ಲು, ಎಡಕ್ಕೆ ನಡೆಯೋರಿಗೆ ಬಿಡು. ಎಡಕ್ಕೆ ನಿಂತ್ಬಿಟ್ರೆ ಹಿಂದಿಂದ ಒಂದು ಸಣ್ಣ ಉಸಿರು ಕೇಳುತ್ತೆ ನೋಡಿ, ಬೈಗುಳಕ್ಕಿಂತ ಚುಚ್ಚುತ್ತೆ ಅದು. 2015ರ ಕೊನೇಲಿ ಹೋಬರ್ನ್ ಸ್ಟೇಷನಲ್ಲಿ ಮೂರು ವಾರ ಪ್ರಯೋಗ ಮಾಡಿದ್ರು, ಎರಡೂ ಕಡೆ ನಿಲ್ಲಿ ಅಂತ. ಅಷ್ಟು ಎತ್ತರ ನಡ್ಕೊಂಡು ಹತ್ತೋರು ಕಮ್ಮಿ, ಎಡಭಾಗ ಖಾಲಿ ಹೋಗ್ತಿತ್ತು, ಎರಡೂ ಕಡೆ ನಿಂತ್ರೆ ಅದೇ ಹೊತ್ತಲ್ಲಿ ಜಾಸ್ತಿ ಜನ ಮೇಲೆ ಬರ್ತಾರೆ. ಲೆಕ್ಕ ಸರಿಯಾಗೇ ಬಂತು. ಜನ ಒಪ್ಪಲಿಲ್ಲ, ಸಿಡಿಮಿಡಿ ಮಾಡಿದ್ರು, ಪ್ರಯೋಗ ಮುಗಿದ್ಮೇಲೆ ಮತ್ತೆ ಬಲಕ್ಕೇ ನಿಂತ್ರು. ಕಿಟಕಿ ಇಲ್ಲದ ಬೋಗಿ ಕತೆನೇ ಇದೂ.

ಈ ಮಾತಾಡದ ಜನ ಒಂದು ಕಾಲದಲ್ಲಿ ಅದೇ ಪ್ಲಾಟ್‌ಫಾರಂ ಮೇಲೆ ಒಟ್ಟಿಗೆ ಚಾಪೆ ಹಾಸಿ ಮಲಗಿದ್ರು. 1940ರ ಸೆಪ್ಟೆಂಬರ್, ಜರ್ಮನಿಯ ಬಾಂಬು ರಾತ್ರಿ ರಾತ್ರಿ ಬೀಳ್ತಿತ್ತು. ಸ್ಟೇಷನ್ನುಗಳಲ್ಲಿ ಬಂದು ಕೂರಂಗಿಲ್ಲ ಅಂತ ಸರ್ಕಾರ ಹೇಳಿತ್ತು, ಜನ ಏನ್ ಮಾಡಿದ್ರು, ಎಲ್ಲಿಗೋ ಒಂದು ಕಮ್ಮಿ ರೇಟಿನ ಟಿಕೆಟ್ ತಗೊಂಡು ಕೆಳಗೆ ಇಳಿದೋರು ಮೇಲೆ ಬರಲೇ ಇಲ್ಲ. ಸರ್ಕಾರ ಸೋತು ಒಪ್ಪಿಕೊಂಡಿತು. ಆ ತಿಂಗಳ ಕೊನೆಗೆ ಒಂದೇ ರಾತ್ರಿ ಸುಮಾರು 1,77,000 ಜನ ಕೆಳಗೆ ಮಲಗಿದ್ರು. ಅಂಚಿಗೆ ರೈಲು ಬರ್ತಾನೇ ಇತ್ತು, ಕೆಲಸ ಮುಗಿಸಿ ಇಳಿಯೋರು ಮಲಗಿದೋರ ಕಾಲು ದಾಟ್ಕೊಂಡು ಹೋಗ್ಬೇಕು. ಹೆನ್ರಿ ಮೂರ್ ಅನ್ನೋ ಶಿಲ್ಪಿ ಅಲ್ಲಿ ಮಲಗಿದ್ದೋರನ್ನ ಚಿತ್ರ ಬರೆದಿದಾರೆ, ಒಬ್ಬರ ಪಕ್ಕ ಒಬ್ಬರು, ಬಾಯಿ ತೆರ್ಕೊಂಡು, ಎಲ್ಲೋ ನಮ್ಮ ಜಾತ್ರೆ ಛತ್ರದ ರಾತ್ರಿ ನೋಡ್ದಂಗಿರುತ್ತೆ. ಸೊಳ್ಳೆ ಕಾಟ ಬೇರೆ, ಸುರಂಗದ ನೀರಲ್ಲಿ ಹುಟ್ಟೋ ಸೊಳ್ಳೆ. ಅಷ್ಟಿದ್ರೂ ಜನ ಯಾಕೆ ಅಲ್ಲಿಗೇ ಹೋದ್ರು? ಬಾಂಬಿಂದ ತಪ್ಪಿಸ್ಕೊಳೋಕೆ, ಅದು ಸರಿ. ಆದ್ರೆ ಪೂರ್ತಿ ಸುರಕ್ಷಿತ ಏನಾಗಿರ್ಲಿಲ್ಲ, ಅಕ್ಟೋಬರ್ 14ಕ್ಕೆ ಬ್ಯಾಲಂ ಸ್ಟೇಷನ್ ಮೇಲಿನ ರಸ್ತೆಗೆ ಬಾಂಬು ಬಿದ್ದು ಕೆಳಗೆ ಮಣ್ಣು ನೀರು ನುಗ್ಗಿ ಜನ ಸತ್ರು. ನನಗನ್ಸೋದು, ಆಳಕ್ಕೆ ಹೋದ್ರೆ ಸದ್ದು ಕೇಳಲ್ಲ. ಕೇಳದಿದ್ರೆ ನಿದ್ದೆ ಬರುತ್ತೆ.

ಸದ್ದಿನ ಮಾತು ಬಂತಲ್ಲ, ಬೆತ್ನಲ್ ಗ್ರೀನ್ ಬಗ್ಗೆ ಹೇಳ್ದೇ ಇರೋಕಾಗಲ್ಲ. 1943ರ ಮಾರ್ಚ್ 3. ಇನ್ನೂ ರೈಲೇ ಓಡದ ಹೊಸ ಸ್ಟೇಷನ್ನು, ಆಸರೆಗೆ ಅಂತ ಬಿಟ್ಟಿದ್ರು. ರಾತ್ರಿ ಸೈರನ್ ಆಯ್ತು, ಜನ ಮೆಟ್ಟಿಲು ಇಳೀತಿದ್ರು, ಮಳೆ ಬಂದು ಒದ್ದೆ, ಬ್ಲ್ಯಾಕೌಟು, ಒಂದು ಮಂಕು ದೀಪ. ಆಗ ಹತ್ತಿರದ ವಿಕ್ಟೋರಿಯಾ ಪಾರ್ಕಿಂದ ಇದುವರೆಗೂ ಯಾರೂ ಕೇಳಿರದ ಭಾರೀ ಸದ್ದು ಬಂತು. ಶತ್ರು ಬಾಂಬ್ ಅಲ್ಲ, ವಿಮಾನ ಹೊಡೆಯೋಕೆ ಅಂತ ಅವರದ್ದೇ ಹೊಸ ರಾಕೆಟ್ಟು. ಜನಕ್ಕೆ ಏನು ಗೊತ್ತು, ನುಗ್ಗಿದ್ರು, ಕೆಳಗೆ ಮಗು ಎತ್ಕೊಂಡಿದ್ದ ಒಬ್ಬಾಕೆ ಮುಗ್ಗರಿಸಿ ಬಿದ್ರು, ಅವರ ಮೇಲೆ ಇನ್ನೊಬ್ಬರು. 173 ಜನ ಸತ್ರು, ಅದರಲ್ಲಿ 62 ಮಕ್ಕಳು. ಅವತ್ತು ಆ ಜಾಗದಲ್ಲಿ ಒಂದೇ ಒಂದು ಬಾಂಬು ಬಿದ್ದಿರ್ಲಿಲ್ಲ. ಆ ಮೆಟ್ಟಿಲು ಈಗಲೂ ಇದೆ, ಪಕ್ಕದಲ್ಲಿ ಸ್ಮಾರಕ ಕಟ್ಟಿದಾರೆ, ಮರದಲ್ಲಿ ಮಾಡಿರೋ ತಲೆಕೆಳಗಾದ ಮೆಟ್ಟಿಲು. ನಾನು ಎಷ್ಟೋ ಸಲ ಅಲ್ಲಿ ಇಳಿದಿದೀನಿ, ಮಳೆ ಬಂದಾಗ ಮಾತ್ರ ಕಂಬಿ ಹಿಡ್ಕೊಂಡೇ ಇಳೀತಿದ್ದೆ.

ಸರಿ, ಈಗ ಆ ಕೂಗೋ ಮನುಷ್ಯ. ಕಿಟಕಿ ಬಂತು, ಬಾಗಿಲು ತಾನಾಗೇ ತೆಗೆಯೋ ಹಂಗಾಯ್ತು, ಗೇಟ್ ಆಳುಗಳ ಕೆಲಸ ಹೋಯ್ತು, ದನಿ ಮಾತ್ರ ಹೋಗಲಿಲ್ಲ. 'ಮೈಂಡ್ ದ ಗ್ಯಾಪ್' ಕೇಳಿರ್ತೀರಿ, ಟೀ ಶರ್ಟ್ ಮೇಲಾದ್ರೂ ನೋಡಿರ್ತೀರಿ. ಪ್ಲಾಟ್‌ಫಾರಂ ಬಾಗಿರೋ ಕಡೆ ನೇರ ಬೋಗಿ ಬಂದು ನಿಂತ್ರೆ ಮಧ್ಯ ಕಂದಕ ಉಳಿಯುತ್ತೆ, ಅದಕ್ಕೆ ಎಚ್ಚರಿಕೆ. ಬಾಗಿದ್ದು ಯಾಕೆ ಅಂದ್ರೆ, ಬ್ಯಾಂಕ್ ಸ್ಟೇಷನ್ ಥರದ ಕಡೆ ಸುರಂಗ ಕೊರೆಯೋವಾಗ ಬೇರೆಯವರ ಕಟ್ಟಡದಡಿ ಹೋದ್ರೆ ದುಡ್ಡು ಕೊಡಬೇಕು ಅಂತ ರಸ್ತೆ ಹೆಂಗೆ ತಿರುಗುತ್ತೋ ಹಂಗೇ ತಿರುಗಿಸಿದ್ರು. ಎಂಬ್ಯಾಂಕ್‌ಮೆಂಟ್ ಸ್ಟೇಷನಲ್ಲಿ ಬೇರೆ ಕಾರಣ, ರೈಲು ಸುತ್ತು ಹಾಕಿ ವಾಪಸ್ ಹೋಗೋಕೆ ಅಂತ 1914ರಲ್ಲಿ ಮಾಡಿದ್ದ ಲೂಪು ಅದು.

ಆ ಎಂಬ್ಯಾಂಕ್‌ಮೆಂಟಲ್ಲಿ ನಾರ್ದರ್ನ್ ಲೈನಿನ ಉತ್ತರದ ಕಡೆ ಪ್ಲಾಟ್‌ಫಾರಮ್ಮಲ್ಲಿ ಓಸ್ವಾಲ್ಡ್ ಲಾರೆನ್ಸ್ ಅನ್ನೋ ನಟನ ದನಿ ಹಾಕ್ತಿದ್ರು, ಹಳೇ ರೆಕಾರ್ಡಿಂಗು. ಬೇರೆ ಕಡೆ ಎಲ್ಲ ಹೊಸ ದನಿ ಬಂದು ಇವರದ್ದು ಇಲ್ಲಿ ಮಾತ್ರ ಉಳಿದಿತ್ತು. 2007ರಲ್ಲಿ ಅವರು ತೀರ್ಕೊಂಡ್ರು. ಅವರ ಹೆಂಡತಿ, ಡಾಕ್ಟರ್ ಅವರು, ಆ ಕಡೆ ಹೋದಾಗೆಲ್ಲ ಪ್ಲಾಟ್‌ಫಾರಂ ಬೆಂಚಲ್ಲಿ ಕೂತು ಒಂದೆರಡು ರೈಲು ಬೇಕಂತಲೇ ಬಿಡೋರಂತೆ, ಆ ದನಿ ಇನ್ನೊಂದು ಸಲ ಬರ್ಲಿ ಅಂತ. 2012ರ ಕೊನೇಲಿ ಒಂದು ದಿನ ಹೋದ್ರೆ ಬೇರೆ ದನಿ. ಹೋಗಿ ವಿಚಾರಿಸಿದ್ರು, ಹೊಸ ಡಿಜಿಟಲ್ ಸಿಸ್ಟಂ ಬಂದಿದೆ ಅಂದ್ರು. ನಮಗೆ ಆ ರೆಕಾರ್ಡಿಂಗ್ ಆದ್ರೂ ಸಿಗುತ್ತಾ ಅಂತ ಕೇಳಿದ್ರು, ಕೊಟ್ರು. ಆಮೇಲೆ ರೈಲಿನವರೇ ಹಳೇದನ್ನ ಹುಡುಕಿ ಸರಿಮಾಡಿ 2013ರಲ್ಲಿ ಆ ಒಂದು ಪ್ಲಾಟ್‌ಫಾರಮ್ಮಿಗೆ ವಾಪಸ್ ಹಾಕಿದ್ರು. ಇದನ್ನ ಓದಿದ್ಮೇಲೆ ನಾನೂ ಒಂದು ಭಾನುವಾರ ಹೋಗಿ ಕೂತೆ. ಮೂರೇ ಪದ, ಹಳೇ ಕಾಲದ ಗಂಡಸಿನ ಗಂಟಲು, ಸ್ವಲ್ಪ ಗದರಿದ ಹಾಗೆ. ನನ್ನ ಪಕ್ಕ ಇನ್ನೊಬ್ಬರು ಕೂತಿದ್ರು, ರೈಲು ಬಂತು, ಅವರೂ ಹತ್ತಲಿಲ್ಲ, ನಾನೂ ಹತ್ತಲಿಲ್ಲ. ಮಾತಾಡಲಿಲ್ಲ ಇಬ್ಬರೂ.

ಈಗ ಇಲ್ಲಿ ಕೂತಿರೋರಲ್ಲಿ ಬೆಂಗಳೂರು ಮೆಟ್ರೋ ಹತ್ತಿರೋರು ಎಷ್ಟು ಜನ? ಕೈ ಎತ್ತಿ. ಆಯ್ತು, ಸುಮಾರು ಜನ ಇದೀರಿ. ಎಂ.ಜಿ. ರೋಡ್ ಬಿಟ್ಟು ಕಬ್ಬನ್ ಪಾರ್ಕ್ ಕಡೆ ಹೋಗೋವಾಗ ರೈಲು ಇಳಿಜಾರಲ್ಲಿ ಕೆಳಗೆ ಇಳಿಯುತ್ತೆ, ಅಲ್ಲಿವರೆಗೂ ಕಿಟಕಿ ಆಚೆ ಮರ, ಬಿಸಿಲು, ಬೋರ್ಡು, ಆಮೇಲೆ ಕಪ್ಪು. 2016ರಲ್ಲಿ ಆ ಸುರಂಗ ಶುರುವಾದಾಗ ನಾನು ರಜೆಗೆ ಬಂದಿದ್ದೆ, ಕಪ್ಪಾದ ತಕ್ಷಣ ಬೋಗೀಲಿದ್ದ ಕಾಲೇಜು ಹುಡುಗರೆಲ್ಲ ಓ ಅಂತ ಕಿರುಚಿದ್ರು, ನಾನೂ ಕಿರುಚಿದೆ, ಅಷ್ಟು ವರ್ಷದ ಮೌನ ಅವತ್ತು ಹೋಯ್ತು ಅನ್ನಿ. ಕಿರುಚಾಟ ನಿಂತಾಗ ಮೇಲಿಂದ ಒಂದು ಹೆಣ್ಣುದನಿ, ಮುಂದಿನ ನಿಲ್ದಾಣ ಯಾವುದು ಅಂತ. ಎಲ್ಲೋ ಕೇಳಿದೀನಲ್ಲ ಅಂತ ಯೋಚಿಸ್ತಾ ಇದ್ರೆ ಪಕ್ಕದಲ್ಲಿದ್ದ ಅಕ್ಕ ಅಂದ್ಲು, 'ಅಪರ್ಣಾ ಕಣೋ, ಚಂದನದಲ್ಲಿ ಬರ್ತಿರ್ಲಿಲ್ವಾ.'

2024ರ ಜುಲೈ 11ಕ್ಕೆ ಅಪರ್ಣಾ ತೀರ್ಕೊಂಡ್ರು. ಅದಾದ ವಾರದಲ್ಲಿ ಒಂದು ಸಂಜೆ ಮೆಜೆಸ್ಟಿಕ್ ಕಡೆ ಹೋಗ್ತಿದ್ದೆ, ಕಾಲಿಡೋಕೆ ಜಾಗ ಇಲ್ಲ, ಎಲ್ಲರ ಕೈಲೂ ಮೊಬೈಲು, ಯಾರೋ ಜೋರಾಗಿ ರೀಲ್ಸ್ ಹಾಕ್ಕೊಂಡಿದ್ದ. ವಿಧಾನಸೌಧ ಬರೋಕೆ ಮುಂಚೆ ಆ ದನಿ ಬಂತು. ಕಿಟಕಿ ಹತ್ರ ಕೈಚೀಲ ಹಿಡ್ಕೊಂಡು ಕೂತಿದ್ದ ವಯಸ್ಸಾದ ಹೆಂಗಸೊಬ್ರು ಆ ಹುಡುಗನ ತೊಡೆ ಮೇಲೆ ಮೆಲ್ಲಗೆ ತಟ್ಟಿ, 'ಒಂದ್ನಿಮಿಷ ನಿಲ್ಸಪ್ಪ, ಕೇಳೋಣ' ಅಂದ್ರು. ಅವನು ನಿಲ್ಸಿದ. ಕನ್ನಡದ್ದು ಮುಗೀತು, ಇಂಗ್ಲಿಷಿಂದು ಶುರುವಾಯ್ತು, ಅವನು ಮತ್ತೆ ಹಾಕಿದ.